ಕರಪತ್ರದಲ್ಲಿ ನನ್ನ ಮುಖ

ನಮ್ಮನೆ ದೇವರ ಗೂಡಿನ ಪಕ್ಕದಲ್ಲಿ ಒಂದು ಮೊಳೆ ಇದೆ. ಆ ಮೊಳೆಗೆ ಸುಮಾರು ದಿನ ಒಂದು ಬಣ್ಣದ ಕರಪತ್ರ ನೇತಾಡ್ತಿತ್ತು. ಈಗ ಇಲ್ಲ. ಅದನ್ನು ಕಿತ್ತು ಒಲೆಗೆ ಹಾಕಿದವನು ನಾನೇ. ಅದರಲ್ಲಿದ್ದ ಫೋಟೋನೂ ನನ್ನದೇ.

ಜಾಹೀರಾತಿನ ಬಗ್ಗೆ ಬರೆಯೋದಕ್ಕೆ ಇವನ್ಯಾರು ಅಂತ ಕೇಳಬಹುದು. ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ರೈತ. ಎಂಟು ಎಕರೆ ಕೆಂಪು ಮಣ್ಣು. ಎರಡು ಸಲ ಬೋರು ಕೊರೆಸಿ ಎರಡು ಸಲವೂ ಧೂಳು ನೋಡಿದ್ದೇನೆ. ಶೇಂಗಾ ಬಿತ್ತುತ್ತೇನೆ, ಅಕ್ಕಡಿಯಲ್ಲಿ ತೊಗರಿ, ಮನೆಗೆ ಬೇಕಾದಷ್ಟು ನವಣೆ, ಸಜ್ಜೆ. ಜಾಹೀರಾತು ಮಾಡುವವರ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ನಾನೇ ಒಂದು ಜಾಹೀರಾತು ಆಗಿದ್ದೆ. ಆ ಅನುಭವ ನಿಮ್ಮ ಮುಂದೆ ಇಡುತ್ತೇನೆ.

ಒಂದು ಮಾತು ಬಿಟ್ಟರು

2020ರ ಮುಂಗಾರಿನಲ್ಲಿ ನಮ್ಮ ಕಡೆ ಮಳೆ ಹದವಾಗಿ ಬಂತು. ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಎರಡು ಎಕರೆಗೆ ಅರವತ್ತು ಟ್ರ್ಯಾಕ್ಟರ್ ಕೆರೆ ಗೋಡು ಹೊಡೆಸಿದ್ದೆ. ಆ ಎರಡು ಎಕರೆಯಲ್ಲಿ ಶೇಂಗಾ ನೋಡುವ ಹಾಗೆ ಬಂದಿತ್ತು. ಬೆಳೆ ಎದ್ದು ನಿಂತ ಹೊತ್ತಿಗೆ ಒಂದು ಕಂಪನಿಯ ಹುಡುಗ ಬೈಕಿನಲ್ಲಿ ಬಂದ. ಒಳ್ಳೆ ಹುಡುಗ, ಕೃಷಿ ಓದಿದವನು. "ಯಜಮಾನ್ರೇ, ಇದು ಹೊಸ ಟಾನಿಕ್ಕು, ದುಡ್ಡು ಬೇಡ, ಒಂದು ಸಲ ಹೊಡೆದು ನೋಡಿ" ಅಂತ ಒಂದು ಬಾಟ್ಲಿ ಕೊಟ್ಟು ಹೋದ. ಪುಕ್ಕಟೆ ಬಂದಿದ್ದು ಅಂತ ಬದುವಿನ ಕಡೆಯ ಅರ್ಧ ಎಕರೆಗೆ ಒಂದು ಸಲ ಹೊಡೆದೆ.

ಶೇಂಗಾ ಕೀಳುವ ದಿನ ಅವನು ಇನ್ನಿಬ್ಬರನ್ನು ಕರಕೊಂಡು ಬಂದ. ಕೊರೊನಾ ಕಾಲ, ಮುಖಕ್ಕೆ ಟವೆಲ್ ಕಟ್ಟಿದ್ದೆ. "ಟವೆಲ್ ಇಳಿಸಿ ಯಜಮಾನ್ರೇ, ಮುಖ ಕಾಣಬೇಕು" ಅಂದರು. ಹೊಲವೆಲ್ಲಾ ಓಡಾಡಿ, ಬದುವಿನ ಪಕ್ಕ ತೇವ ನಿಲ್ಲುವ ಮೂಲೆಯಿಂದ ನಾಲ್ಕು ಗಿಡ ಕಿತ್ತು ತಂದರು. ಒಂದು ಕೈಗೆ ಗಿಡ, ಇನ್ನೊಂದು ಕೈಗೆ ಬಾಟ್ಲಿ. ಫೋಟೋ ತೆಗೆದರು. ಎಷ್ಟು ಬಂತು ಅಂತ ಆಮೇಲೆ ಫೋನಿನಲ್ಲಿ ಕೇಳಿದರು. "ಎರಡು ಎಕರೆಗೆ ಹದಿನಾಲ್ಕು ಕ್ವಿಂಟಲ್" ಅಂದೆ. ಗೋಡಿನ ವಿಚಾರನೂ ಹೇಳಿದೆ, ಮಳೆ ವಿಚಾರನೂ ಹೇಳಿದೆ.

ಮುಂದಿನ ವರ್ಷ ಬಿತ್ತನೆ ಹೊತ್ತಿಗೆ ಕರಪತ್ರ ಬಂತು. ನನ್ನ ಫೋಟೋ, ಕೆಳಗೆ "ಪ್ರಗತಿಪರ ರೈತ" ಅಂತ ದಪ್ಪ ಅಕ್ಷರ. ಅದರ ಕೆಳಗೆ "ನಾನು ಇದನ್ನು ಬಳಸಿ ಎಕರೆಗೆ 14 ಕ್ವಿಂಟಲ್ ಬೆಳೆದೆ". "ಎರಡು" ಅನ್ನೋ ಒಂದು ಮಾತು ಬಿಟ್ಟಿದ್ದರು. ಗೋಡು ಇಲ್ಲ, ಮಳೆ ಇಲ್ಲ. ಅರ್ಧ ಎಕರೆಗೆ ಮಾತ್ರ ಹೊಡೆದಿದ್ದು ಅನ್ನೋದೂ ಇಲ್ಲ.

ಇಲ್ಲಿ ನಾನು ನಿಜ ಹೇಳಬೇಕು. ಆ ತಪ್ಪು ನನ್ನ ಕಣ್ಣಿಗೆ ಆವತ್ತೇ ಬಿತ್ತು. ಆದರೂ ಸುಮ್ಮನಿದ್ದೆ. ಏಳನೇ ಕ್ಲಾಸಿನವನ ಫೋಟೋ ಅಚ್ಚಾಯಿತಲ್ಲ ಅನ್ನೋ ಹಿಗ್ಗು. ಪ್ರಗತಿಪರ ರೈತ ಅಂತ ಯಾರೂ ಅಲ್ಲಿವರೆಗೆ ನನ್ನನ್ನು ಕರೆದಿರಲಿಲ್ಲ. ಕರಪತ್ರವನ್ನು ದೇವರ ಗೂಡಿನ ಪಕ್ಕ ನೇತು ಹಾಕಿದೆ.

ನನ್ನ ತಂಗಿಯನ್ನು ಕೊಟ್ಟಿರೋದು ನಮ್ಮಿಂದ ಹನ್ನೆರಡು ಮೈಲಿಯ ಊರಿಗೆ. ಅವಳ ಮಗ ಆರು ಎಕರೆ ಶೇಂಗಾ ಇಟ್ಟಿದ್ದ. ಅಂಗಡಿಯಲ್ಲಿ ನನ್ನ ಮುಖ ನೋಡಿ, ನನ್ನನ್ನು ಒಂದು ಮಾತೂ ಕೇಳದೆ, ಎರಡು ಸಿಂಪರಣೆಗೆ ಆಗುವಷ್ಟು ಬಾಟ್ಲಿ ತಂದ. ಎಕರೆಗೆ ಒಂದು ಸಲಕ್ಕೆ 780 ರೂಪಾಯಿ. ಆರು ಎಕರೆ, ಎರಡು ಸಲ. 9,360 ರೂಪಾಯಿ. ದುಡ್ಡು ಹೆಂಡತಿಯ ಓಲೆ ಅಡ ಇಟ್ಟು ತಂದಿದ್ದು. 2021ರ ಆಗಸ್ಟ್‌ನಲ್ಲಿ ಊಡು ಇಳಿಯುವ ಹೊತ್ತಿಗೆ ಇಪ್ಪತ್ತು ದಿನ ಮಳೆ ಕೈಕೊಟ್ಟಿತು. ಒಣ ಭೂಮಿಗೆ ಊಡು ಇಳಿಯಲಿಲ್ಲ. ಎಕರೆಗೆ ಎರಡೂವರೆ ಕ್ವಿಂಟಲ್ ಬಂತು.

"ಮಾವ, ನೀನೇ ಹಾಕಿದೀಯ ಅಂತ ತಾನೆ ನಾನು ತಂದಿದ್ದು" ಅಂದ. ಜಗಳ ಮಾಡಲಿಲ್ಲ. ತಂಗಿ ಏನೂ ಅನ್ನಲಿಲ್ಲ. "ಅಣ್ಣ, ಇನ್ನೊಂದು ಮುದ್ದೆ ಇಕ್ಲಾ" ಅಂತ ಕೇಳಿದಳು. ಜಗಳ ಮಾಡಿದ್ದರೆ ಚೆನ್ನಾಗಿರ್ತಿತ್ತು. ಆವತ್ತು ಮನೆಗೆ ಬಂದು ಕರಪತ್ರ ಕಿತ್ತೆ. ಅಂಗಡಿಗೆ ಹೋಗಿ ಕೇಳಿದರೆ, ಫೋಟೋ ತೆಗೆದ ಹುಡುಗ ಬೇರೆ ಕಂಪನಿಗೆ ಹೋಗಿದ್ದ. ಉತ್ತರ ಹೇಳೋರು ಯಾರೂ ಇರಲಿಲ್ಲ. ಫೋಟೋದಲ್ಲಿ ಇದ್ದವನು ನಾನೊಬ್ಬನೇ.

ಮಳೆ ಹೋಗಿದ್ದಕ್ಕೆ ಟಾನಿಕ್ಕು ಕಾರಣ ಅಲ್ಲ, ಒಪ್ಪುತ್ತೇನೆ. ಆದರೆ ಮಳೆ ಬಂದಿದ್ದಕ್ಕೂ ಟಾನಿಕ್ಕು ಕಾರಣ ಅಲ್ಲವಲ್ಲ. ಬಂದ ವರ್ಷದ ಬೆಳೆಯನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ, ಹೋದ ವರ್ಷದ ಬೆಳೆಯನ್ನು ಮಳೆಯ ಲೆಕ್ಕಕ್ಕೆ ಬರೆಯುತ್ತಾರೆ.

ಮೇಷ್ಟ್ರು ಹೇಳಿದ ಏಳು ಉಪಾಯ

ನಮ್ಮೂರಲ್ಲಿ ಒಬ್ಬ ನಿವೃತ್ತ ಹೈಸ್ಕೂಲು ಮೇಷ್ಟ್ರು ಇದ್ದಾರೆ. ಅವರ ಹತ್ತಿರ ಈ ಸಂಕಟ ಹೇಳಿಕೊಂಡೆ. ಅವರು ನಕ್ಕು, "ಇದು ನಿನಗೊಬ್ಬನಿಗೇ ಆಗಿದ್ದಲ್ಲ" ಅಂತ ಒಂದು ಹಳೇ ಸಂಗತಿ ಹೇಳಿದರು. 1937ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಕೆಲವು ಓದಿದ ಜನ ಸೇರಿ ಪ್ರಚಾರವನ್ನು ಬಿಡಿಸಿ ನೋಡುವುದಕ್ಕೆ ಅಂತಲೇ ಒಂದು ಸಂಸ್ಥೆ ಕಟ್ಟಿದರಂತೆ. ರೇಡಿಯೋ, ಪತ್ರಿಕೆ, ಭಾಷಣ ಎಲ್ಲಾ ಕಡೆಯಿಂದ ಜನರ ಮನಸ್ಸು ತಿರುಗಿಸುವ ಕೆಲಸ ಜೋರಾಗಿ ನಡೀತಿದ್ದ ಕಾಲ ಅದು. ಶಾಲೆಯ ಮಕ್ಕಳಿಗೂ ಗೊತ್ತಾಗುವ ಹಾಗೆ ಆ ಸಂಸ್ಥೆಯವರು ಏಳು ಉಪಾಯಗಳನ್ನು ಪಟ್ಟಿ ಮಾಡಿದರು. 1942ರಲ್ಲಿ ಸಂಸ್ಥೆ ಮುಚ್ಚಿತು. ಪಟ್ಟಿ ಮಾತ್ರ ಉಳಿಯಿತು.

ಮೇಷ್ಟ್ರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹೋಬಳಿಗೆ ಹೋದಾಗ ಬಸ್‌ಸ್ಟ್ಯಾಂಡಿನಿಂದ ರೈತ ಸಂಪರ್ಕ ಕೇಂದ್ರಕ್ಕೆ ಅರ್ಧ ಮೈಲಿ ನಡೆಯುತ್ತಾ, ಗೋಡೆ, ಅಂಗಡಿ ಬಾಗಿಲು, ಫ್ಲೆಕ್ಸು ಎಲ್ಲಾ ನೋಡಿಕೊಂಡು ಹೋದೆ. ಏಳಕ್ಕೆ ಏಳೂ ಸಿಕ್ಕವು. ನನ್ನ ಮಾತಿನಲ್ಲಿ ಹೇಳ್ತೀನಿ.

ಒಂದು, ಹೊಳೆಯುವ ಮಾತು. "ಕ್ರಾಂತಿ", "ಬಂಗಾರದ ಬೆಳೆ", "ವಿದೇಶಿ ತಂತ್ರಜ್ಞಾನ", "ನ್ಯಾನೋ", "ಜೈವಿಕ". ಕೇಳುವುದಕ್ಕೆ ಇಂಪು. ಆದರೆ ಡಬ್ಬಿಯೊಳಗೆ ಏನಿದೆ ಅಂತ ಅದರಿಂದ ಗೊತ್ತಾಗಲ್ಲ.

ಎರಡು, ಹೆಸರಿಡೋದು. "ಇನ್ನೂ ಹಳೇ ಕಾಲದಲ್ಲೇ ಇದ್ದೀರಾ?" ಅಂತ ಒಂದು ಗೋಡೆ ಕೇಳುತ್ತಿತ್ತು. ಅಪ್ಪನ ಕಾಲದ ಬೀಜ ಇಟ್ಟವನು ದಡ್ಡ ಅನ್ನುವ ಹಾಗೆ. ನಾಚಿಕೆಯಾಗಿ ಕೈ ಜೇಬಿಗೆ ಹೋಗಬೇಕು, ಅದು ಲೆಕ್ಕ.

ಮೂರು, ಎರವಲು ಗೌರವ. ದೇವರ ಹೆಸರಿನ ಟಾನಿಕ್ಕು, ಬಸವಣ್ಣನ ಚಿತ್ರದ ಗೊಬ್ಬರದ ಚೀಲ, ತ್ರಿವರ್ಣದ ಪಟ್ಟಿ, ಪಕ್ಕದಲ್ಲಿ ಒಬ್ಬ ಸೈನಿಕ. ನಮ್ಮ ಭಕ್ತಿ ದೇವರ ಮೇಲೆ, ಅಭಿಮಾನ ಸೈನಿಕನ ಮೇಲೆ. ಅದನ್ನು ಬಾಟ್ಲಿಯ ಮೇಲೆ ಇಳಿಸುತ್ತಾರೆ.

ನಾಲ್ಕು, ಸಾಕ್ಷಿ. ಸಿನಿಮಾ ನಟನದೋ, ಆಟಗಾರನದೋ ಫೋಟೋ. ಅವರು ಶೇಂಗಾ ಬಿತ್ತಿದವರಲ್ಲ ಅಂತ ನಮಗೂ ಗೊತ್ತು, ಆದರೂ ಮುಖ ನೆನಪಲ್ಲಿ ಉಳಿಯುತ್ತದೆ.

ಐದು, ನಾನೂ ನಿಮ್ಮೋನೇ ಅನ್ನೋದು. ನಟನನ್ನು ನಂಬದವನಿಗೆ ಈ ಉಪಾಯ. "ನಾನೂ ರೈತನ ಮಗನೇ ಯಜಮಾನ್ರೇ" ಅನ್ನುವ ಹುಡುಗ, ಪಂಚೆ ಉಟ್ಟ ರೈತನ ಫೋಟೋ, ನಮ್ಮ ಸೀಮೆಯ ಮಾತಿನಲ್ಲೇ ಮೈಕಿನ ಕೂಗು. ನಾನು ಬಳಕೆಯಾಗಿದ್ದು ಇಲ್ಲೇ.

ಆರು, ಎಲೆ ಜೋಡಿಸೋದು. ಇಸ್ಪೀಟಿನಲ್ಲಿ ಕೈಚಳಕದವನು ಬೇಕಾದ ಎಲೆ ಮೇಲೆ ಬರುವ ಹಾಗೆ ಮೊದಲೇ ಜೋಡಿಸಿಟ್ಟ ಹಾಗೆ. ಗೆದ್ದ ಹೊಲ ತೋರಿಸಿ, ಸೋತ ಹೊಲ ಮುಚ್ಚಿಡೋದು. "ಶೇ. 25 ಹೆಚ್ಚು ಇಳುವರಿ" ಅಂತ ಬರೆದಿರುತ್ತಾರೆ. ಯಾವುದಕ್ಕಿಂತ ಹೆಚ್ಚು? ಯಾರ ಹೊಲದಲ್ಲಿ? ಎಷ್ಟು ವರ್ಷ ನೋಡಿದರು? ಇದ್ಯಾವುದೂ ಇರಲ್ಲ. ಇನ್ನೊಂದು ಪುಟ್ಟ ಮಾತಿದೆ, "ವರೆಗೆ". ಎಕರೆಗೆ 15 ಕ್ವಿಂಟಲ್‌ವರೆಗೆ. ನಾವು 15 ಓದ್ತೀವಿ, "ವರೆಗೆ" ಬಿಡ್ತೀವಿ. ಎರಡೂವರೆಯೂ ಹದಿನೈದರವರೆಗಿನ ಒಳಗೇ ಬರುತ್ತದೆ.

ಏಳು, ಮಂದೆ. "ಊರಿಗೆ ಊರೇ ಹಾಕಿದೆ, ನೀವೊಬ್ಬರೇ ಬಾಕಿ". ಒಂದು ಕುರಿ ಹಳ್ಳ ಹಾರಿದರೆ ಹಿಂದಿನವು ಹಳ್ಳ ಇದೆಯೋ ಇಲ್ಲವೋ ನೋಡಲ್ಲ, ಹಾರುತ್ತವೆ. ಕುರಿ ಸಾಕಿದ ನಮಗೆ ಇದು ಹೊಸದಲ್ಲ.

ಈ ಏಳರ ಜೊತೆ ನಮ್ಮ ಕಡೆಯ ಎರಡು ಸೇರಿಸಬೇಕು ಅಂತ ಮೇಷ್ಟ್ರಿಗೆ ಹೇಳಿದೆ. ಮೊದಲನೆಯದು ಹೆದರಿಕೆ ಮತ್ತು ಅವಸರ. ಹುಳುವಿನ ಚಿತ್ರವನ್ನು ಅಂಗೈಯಗಲ ದೊಡ್ಡದು ಮಾಡಿ ಬರೆದಿರುತ್ತಾರೆ. ಎಲೆ ಸುರುಳಿ ಹುಳು ನಿಜಕ್ಕೂ ಇರೋದು ಒಂದು ಭತ್ತದ ಕಾಳಿಗಿಂತ ಸಣ್ಣದು. "ಇವತ್ತು ಹೊಡೆಯದಿದ್ದರೆ ನಾಳೆ ಹೊಲ ಇಲ್ಲ, ಸ್ಟಾಕು ಇವತ್ತೇ ಕೊನೆ." ಮಳೆಯಾಶ್ರಿತ ರೈತನಿಗೆ ಹದ ಅನ್ನೋದು ಮೂರು ದಿನ. ಆ ಮೂರು ದಿನದಲ್ಲಿ ಯೋಚನೆ ಮಾಡೋಕೆ ಪುರುಸೊತ್ತಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಎರಡನೆಯದು ಊಟ. ಕ್ಷೇತ್ರೋತ್ಸವಕ್ಕೆ ಕರೆಯುತ್ತಾರೆ, ಟೋಪಿ, ಟವೆಲ್ ಕೊಡುತ್ತಾರೆ, ಪಾಯಸದ ಊಟ ಹಾಕುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಬೆಳೆದವರು ನಾವು. ಊಟ ಮಾಡಿದ ಮೇಲೆ "ಬೇಡಪ್ಪ" ಅನ್ನೋಕೆ ನಾಲಿಗೆ ಬರಲ್ಲ. ಒಂದು ಊಟ, ಒಂದು ಟವೆಲ್ಲು ಹೆಚ್ಚೆಂದರೆ 200 ರೂಪಾಯಿ. ನಾವು ತಿರುಗಿ ಕೊಡೋದು ಸಾವಿರದ ಲೆಕ್ಕದಲ್ಲಿ.

ನಾನು ಆ ಹುಡುಗರನ್ನು ಬೈಯುತ್ತಿಲ್ಲ. ಅವರಿಗೂ ಇಂತಿಷ್ಟು ಮಾರಬೇಕು ಅನ್ನೋ ಗುರಿ ಇರುತ್ತದೆ, ಮನೆಯಲ್ಲಿ ಸಾಲ ಇರುತ್ತದೆ. ಉಪಾಯ ಕಟ್ಟಿದವರು ಬೈಕಿನಲ್ಲಿ ಬರೋದಿಲ್ಲ.

ಹೊಸದೇನೂ ಅಲ್ಲ

ಗೋಡೆ ಬರಹದ ಜಾಗಕ್ಕೆ ಈಗ ಮೊಬೈಲು ಬಂದಿದೆ. ವಾಟ್ಸಾಪಿನಲ್ಲಿ "ಒಬ್ಬ ರೈತನ ಅನುಭವ" ಅಂತ ವಿಡಿಯೋ ಬರುತ್ತದೆ, ಕೊನೆಗೆ ಒಂದು ಫೋನ್ ನಂಬರು. ಯಾರು ತೆಗೆದರು, ಯಾರು ದುಡ್ಡು ಕೊಟ್ಟರು, ಗೊತ್ತಿಲ್ಲ. ನಮ್ಮವನೇ ಕಳಿಸಿದ್ದು ಅಂತ ನಾವು ಮತ್ತೆ ಹತ್ತು ಜನಕ್ಕೆ ಕಳಿಸ್ತೀವಿ. ಗೋಡೆಗೆ ಬಣ್ಣ ಬಳಿಯುವ ಕೂಲಿಯೂ ಅವರಿಗೆ ಉಳಿಯಿತು.

ಆದರೆ ಒಳಗಿನ ಮಸಲತ್ತು ಹಳೆಯದೇ. 1990ರ ದಶಕದಲ್ಲಿ, ನಾನು ಮೀಸೆ ಚಿಗುರಿದ ಹುಡುಗ, ತೇಗದ ತೋಟದ ಕಂಪನಿಗಳು ಪತ್ರಿಕೆಯ ಪುಟದ ತುಂಬ ಜಾಹೀರಾತು ಕೊಡುತ್ತಿದ್ದವು. ಈಗ ಇಷ್ಟು ಸಾವಿರ ಕಟ್ಟಿ, ಇಪ್ಪತ್ತು ವರ್ಷಕ್ಕೆ ಲಕ್ಷಾಂತರ ಎಣಿಸಿ. ಹಸಿರು ಕಾಡಿನ ಚಿತ್ರ, ಗುಣಾಕಾರದ ಪಟ್ಟಿ. ಆ ದಶಕ ಮುಗಿಯುವುದರೊಳಗೆ ಎಷ್ಟೋ ಕಂಪನಿ ಬಾಗಿಲು ಹಾಕಿದವು. ಕೊನೆಗೆ 1999ರಲ್ಲಿ ಸೆಬಿ ಇಂಥ ಯೋಜನೆಗಳಿಗೆ ನಿಯಮ ತಂದಿತು. ಆಮೇಲೆ ಎಮು ಹಕ್ಕಿ ಬಂತು. ಮರಿ ನಾವೇ ಕೊಡ್ತೀವಿ, ನಾವೇ ಕೊಳ್ತೀವಿ ಅಂದರು. 2012ರಲ್ಲಿ ತಮಿಳುನಾಡಿನ ಈರೋಡು ಕಡೆ ಅದು ಕುಸಿದು ಬಿತ್ತು, ಮೇವು ಹಾಕುವವರಿಲ್ಲದೆ ಹಕ್ಕಿಗಳು ಸತ್ತವು. ತೇಗ ಹೋಗಿ ಎಮು ಬಂತು, ಎಮು ಹೋಗಿ ಇನ್ನೊಂದು ಬರುತ್ತದೆ. ಚಿತ್ರ ಬದಲಾಗುತ್ತದೆ, ಗುಣಾಕಾರದ ಪಟ್ಟಿ ಬದಲಾಗಲ್ಲ.

ಟಾನಿಕ್ಕಿನ ವಿಚಾರಕ್ಕೆ ಬಂದರೆ, ಸರ್ಕಾರದ ಬಾಯಿಂದಲೇ ಬಂದ ಲೆಕ್ಕ ಕೇಳಿ. ಬೆಳೆ ಪ್ರಚೋದಕ ಅಂತ ಮಾರುವ ಇಂಥ ಪದಾರ್ಥಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದದ್ದೇ 2021ರಲ್ಲಿ. ಅದಕ್ಕೂ ಮುಂಚೆ ವರ್ಷಗಟ್ಟಲೆ ಸುಮಾರು 30,000 ಬಗೆಯವು ಹಿಡಿತವಿಲ್ಲದೆ ಮಾರಾಟ ಆಗುತ್ತಿದ್ದವು, ಆಮೇಲಿನ ನಾಲ್ಕು ವರ್ಷವೂ ಸುಮಾರು 8,000 ಚಲಾವಣೆಯಲ್ಲಿದ್ದವು, ಬಿಗಿ ಮಾಡಿದ ಮೇಲೆ ಸುಮಾರು 650ಕ್ಕೆ ಇಳಿದವು ಅಂತ ಕೇಂದ್ರ ಕೃಷಿ ಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ಅವರು 2025ರ ಜುಲೈಯಲ್ಲಿ ಹೇಳಿದರು. ಮೂವತ್ತು ಸಾವಿರ ಎಲ್ಲಿ, ಆರುನೂರೈವತ್ತು ಎಲ್ಲಿ! ಉಳಿದ ಬಾಟ್ಲಿಗಳಿಗೂ ಗೋಡೆ ಬರಹ ಇತ್ತು, ಫೋಟೋ ಇತ್ತು, ನನ್ನಂಥ "ಪ್ರಗತಿಪರ ರೈತರು" ಇದ್ದರು.

ಇದಕ್ಕೆ ಯಾರು ಗೋಡೆ ಬರೆಸುತ್ತಾರೆ?

ಇನ್ನೊಂದು ವಿಚಾರ ನನ್ನ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಶೇಂಗಾಕ್ಕೆ ನಿಜವಾಗಿ ಆಗಿಬಂದ ಪದಾರ್ಥ ಯಾವುದು ಅಂತ ಲೆಕ್ಕ ಹಾಕಿದೆ. ಕೆರೆ ಗೋಡು. ಇಳಿಜಾರಿಗೆ ಅಡ್ಡ ಬಿತ್ತನೆ. ಬೀಜಕ್ಕೆ ಟ್ರೈಕೋಡರ್ಮ ಉಪಚಾರ. ಊಡು ಇಳಿಯುವ ಮುಂಚೆ ಎಕರೆಗೆ 200 ಕಿಲೋ ಜಿಪ್ಸಂ, ಅದರ ಸುಣ್ಣ, ಗಂಧಕದಿಂದ ಕಾಯಿ ಜಳ್ಳಾಗೋದು ಕಡಿಮೆ. ಮಳೆ ಕೈಕೊಟ್ಟರೆ ಮನೆ ಕಾಯುವ ಅಕ್ಕಡಿ ತೊಗರಿ.

ಜಿಪ್ಸಂಗೆ ಗೋಡೆ ಬರಹ ನೋಡಿದ್ದೀರಾ? ಕೆರೆ ಗೋಡಿಗೆ ಕ್ರಿಕೆಟ್ ಆಟಗಾರನ ಫೋಟೋ? ಅಡ್ಡ ಬಿತ್ತನೆಗೆ ಲಕ್ಕಿ ಡ್ರಾ? ಇಲ್ಲ. ಅದರಲ್ಲಿ ಯಾರಿಗೂ ದೊಡ್ಡ ಲಾಭ ಇಲ್ಲ, ಅದಕ್ಕೇ ಜಾಹೀರಾತಿಲ್ಲ. ಹಾಗಾಗಿ ಕಿವಿಗೆ ಹೆಚ್ಚು ಬಿದ್ದದ್ದೇ ಹೆಚ್ಚು ಒಳ್ಳೆಯದು ಅಂತ ತಿಳಿಯಬಾರದು. ಜಾಹೀರಾತು ಮಾಡಿದ್ದೆಲ್ಲಾ ಸುಳ್ಳು ಅಂತಲೂ ನಾನು ಹೇಳಲ್ಲ. ಒಳ್ಳೆ ಬೀಜ, ಒಳ್ಳೆ ಔಷಧಿ ಮಾರುವವರೂ ಜಾಹೀರಾತು ಕೊಡುತ್ತಾರೆ. ಜಾಹೀರಾತು ನೋಡಿ ಎರಡನ್ನೂ ಬೇರೆ ಮಾಡೋಕೆ ಆಗಲ್ಲ ಅನ್ನೋದಷ್ಟೇ ನನ್ನ ಮಾತು.

ಚೀಟಿ ಓದೋಣ, ಸಾಲು ಬಿಡೋಣ

ಹಾಗಾದರೆ ಏನು ಮಾಡಬೇಕು? ನಾನು ರೂಢಿ ಮಾಡಿಕೊಂಡಿರುವ ನಾಲ್ಕು ವಿಚಾರ ಹೇಳುತ್ತೇನೆ.

ಒಂದು, ಕರಪತ್ರ ಬಿಟ್ಟು ಡಬ್ಬಿಯ ಚೀಟಿ ಓದೋದು. ಕಣ್ಣು ಕಾಣದಿದ್ದರೆ ಮಕ್ಕಳ ಕೈಲಿ ಓದಿಸೋದು. ಕೀಟನಾಶಕದ ಡಬ್ಬಿ ಮೇಲೆ ವಜ್ರದಾಕಾರದ ಗುರುತಿನಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣದಲ್ಲಿ ಒಂದು ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಹಸಿರು ಎಲ್ಲಕ್ಕಿಂತ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ. "ಹಸಿರು ಗುರುತು, ಏನೂ ಆಗಲ್ಲ, ಕುಡಿದರೂ ಆಗಲ್ಲ" ಅಂತ ಮಾರುವವರನ್ನು ಕೇಳಿದ್ದೇನೆ. 1971ರ ಕೀಟನಾಶಕ ನಿಯಮಗಳ ಪ್ರಕಾರ "ಸುರಕ್ಷಿತ", "ವಿಷವಲ್ಲ", "ಹಾನಿ ಇಲ್ಲ" ಅಂತ ಚೀಟಿಯಲ್ಲಿ ಬರೆಯುವ ಹಾಗೇ ಇಲ್ಲ. ಚೀಟಿಯಲ್ಲಿ ಬರೆಯಬಾರದ ಮಾತನ್ನು ಬಾಯಲ್ಲಿ ಹೇಳುವವನನ್ನು ನಂಬಬೇಕಾ, ನೀವೇ ಹೇಳಿ.

ಬೀಜದ ಚೀಲದಲ್ಲಿ ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ. ಅದು ಹೇಳೋದು ಮೊಳಕೆ ಮತ್ತು ಶುದ್ಧತೆಯ ಮಾತು. ಶೇಂಗಾಕ್ಕೆ ಕನಿಷ್ಠ ಶೇ. 70 ಮೊಳಕೆ ಇರಬೇಕು. ಇಳುವರಿಗೆ ಅದು ಜಾಮೀನಲ್ಲ. ಚೀಲದ ಮೇಲಿನ ದಪ್ಪ ಕಾಯಿಯ ಚಿತ್ರವಂತೂ ಯಾವುದಕ್ಕೂ ಜಾಮೀನಲ್ಲ.

ಎರಡು, ಬಿಲ್ಲು. ಚೀಟಿ, ಖಾಲಿ ಡಬ್ಬಿ, ಕರಪತ್ರ, ಬಿಲ್ಲು ನಾಲ್ಕನ್ನೂ ಬೆಳೆ ಮನೆಗೆ ಬರುವವರೆಗೆ ಇಟ್ಟುಕೊಳ್ಳಬೇಕು. ಡಬ್ಬಿ ಮಾತ್ರ ಮಕ್ಕಳ ಕೈಗೆ ಸಿಗದ ಕಡೆ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಅಂತ 2012ರಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಹೇಳಿದೆ. ಬಿಲ್ಲಿಲ್ಲದೆ ಹೋದರೆ ಏನು ಪ್ರಯೋಜನ? ಮೊದಲು ವಿಚಾರಿಸುವುದಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ.

ಮೂರು, ಪ್ರಶ್ನೆ. "ಇದನ್ನು ಹಾಕಿಯೂ ಬೆಳೆ ಬರದ ರೈತರ ಹೊಲ ತೋರಿಸಿ" ಅಂತ ಕೇಳಿ. ಗೆದ್ದ ಹೊಲ ಅವರೇ ತೋರಿಸುತ್ತಾರೆ. ನಾನು ಹೀಗೆ ಕೇಳಿದಾಗ ಒಬ್ಬ ಹುಡುಗ ಗಡಿಯಾರ ನೋಡಿಕೊಂಡು ಹೊರಟ. ಆ ಹೊತ್ತಿಗೆ ನನಗೆ ಉತ್ತರ ಸಿಕ್ಕಿತ್ತು.

ನಾಲ್ಕು, ಸಾಲು ಬಿಡೋದು. ಇದೇ ಮುಖ್ಯ. ಅಳಿಯನ ಮನೆಯಲ್ಲಿ ಉಳಿದಿದ್ದ ಬಾಟ್ಲಿಯನ್ನು 2022ರಲ್ಲಿ ನನ್ನ ಹೊಲದಲ್ಲಿ ಪರೀಕ್ಷೆ ಮಾಡಿದೆ. ಮಳೆ ಮಿತಿ ಮೀರಿದ ವರ್ಷ ಅದು. ಹೊಲದ ಮೂರು ಕಡೆ, ಒಂದೊಂದು ಕಡೆಯೂ ಹನ್ನೆರಡು ಸಾಲಿಗೆ ಹೊಡೆದು, ಪಕ್ಕದ ಹನ್ನೆರಡು ಸಾಲಿಗೆ ಬಿಟ್ಟೆ. ಕೋಲು ನೆಟ್ಟು ಗುರುತು ಮಾಡಿದೆ. ಒಂದೇ ಕಡೆ ಮಾಡಿದರೆ ಮಣ್ಣಿನ ವ್ಯತ್ಯಾಸ ಮೋಸ ಮಾಡುತ್ತದೆ, ಅದಕ್ಕೆ ಮೂರು ಕಡೆ. ಒಣಗಿಸಿ ತೂಗಿದಾಗ ಹೊಡೆದ ಸಾಲು 33, 29, 35 ಕಿಲೋ. ಬಿಟ್ಟ ಸಾಲು 32, 31, 33 ಕಿಲೋ. ಒಟ್ಟು 97 ಮತ್ತು 96. ಒಂದು ಕಿಲೋ ವ್ಯತ್ಯಾಸ ಕೀಳುವಾಗ ಭೂಮಿಯಲ್ಲಿ ಉಳಿಯುವ ಕಾಯಿಗೂ ಸಮ ಅಲ್ಲ. ಇದು ನನ್ನ ಮಣ್ಣಿನ ಒಂದು ವರ್ಷದ ಲೆಕ್ಕ, ನಿಮ್ಮ ಮಣ್ಣಿನಲ್ಲಿ ಬೇರೆ ಬರಬಹುದು. ಅದಕ್ಕೇ ನೀವೂ ಸಾಲು ಬಿಡಿ ಅನ್ನೋದು. ನಾಲ್ಕು ಕೋಲು, ಒಂದು ತಕ್ಕಡಿ, ಒಂದು ನೋಟ್‌ಬುಕ್ಕು. ಇಷ್ಟಕ್ಕೆ ಏಳನೇ ಕ್ಲಾಸು ಸಾಕು.

ಮುಖ ಕೊಡುವ ಮುಂಚೆ

ಕೊನೆಗೆ ನಮ್ಮವರಿಗೇ ಒಂದು ಮಾತು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ತಯಾರಿಸಿದವರಿಗೆ ಮಾತ್ರ ಅಲ್ಲ, ಅದರಲ್ಲಿ ನಿಂತು ಅನುಮೋದನೆ ಕೊಟ್ಟವರಿಗೂ ಅನ್ವಯಿಸುತ್ತದೆ, ನಿಜವೋ ಅಲ್ಲವೋ ಅಂತ ವಿಚಾರಿಸದೆ ಕೊಟ್ಟಿದ್ದರೆ. ಮೇಷ್ಟ್ರು ಇದನ್ನು ಓದಿ ಹೇಳಿದಾಗ ನನಗೆ ಬೆವರು ಬಂತು. ಅದು ದೊಡ್ಡ ನಟರನ್ನು ಹಿಡಿಯೋಕೆ ಮಾಡಿದ ಕಾನೂನು ಅಂತ ಮೇಷ್ಟ್ರು ಸಮಾಧಾನ ಹೇಳಿದರು. ಆದರೆ ದಂಡಕ್ಕಿಂತ ದೊಡ್ಡದು ತಂಗಿ ಮನೆಯ ಆ ಊಟ.

ಆದ್ದರಿಂದ ಯಾರಾದರೂ ಹೊಲಕ್ಕೆ ಬಂದು "ಟವೆಲ್ ಇಳಿಸಿ, ಮುಖ ಕಾಣಬೇಕು" ಅಂದರೆ ಮೂರು ಷರತ್ತು ಹಾಕಿ. ಅಚ್ಚು ಹಾಕುವ ಮುಂಚೆ ಬರಹ ನನಗೆ ಓದಿ ಹೇಳಬೇಕು. ನಾನು ಹಾಕಿದ ಗೊಬ್ಬರ, ಬಂದ ಮಳೆ, ಹೊಡೆದ ಎಕರೆ ಎಲ್ಲಾ ಅದರಲ್ಲಿರಬೇಕು. ಸಾಲು ಬಿಟ್ಟು ತೂಗಿದ ಲೆಕ್ಕ ಇಲ್ಲದೆ ಫೋಟೋ ಇಲ್ಲ. ಒಪ್ಪದಿದ್ದರೆ ಮಜ್ಜಿಗೆ ಕೊಟ್ಟು ಕಳಿಸಿ.

ಈ ಪತ್ರಿಕೆಗೂ ಒಂದು ಮಾತು ಹೇಳಿಬಿಡ್ತೀನಿ, ಸಂಪಾದಕರು ಬೇಜಾರು ಮಾಡ್ಕೋಬಾರದು. ನಾವು ರೈತರೇ ಬರೆಯುವ ಪತ್ರಿಕೆ ಇದು. ಆದರೆ ನಾವು ಬರೆಯೋದೂ ಹೆಚ್ಚಿಗೆ ಗೆದ್ದ ಕತೆಯೇ. ಎಕರೆಗೆ ಇಷ್ಟು ಲಕ್ಷ, ಗಿಡಕ್ಕೆ ಇಷ್ಟು ಕಿಲೋ. ಸೋತವನು ಪೆನ್ನು ಹಿಡಿಯಲ್ಲ, ಅವನಿಗೆ ನಾಚಿಕೆ. ಗೆದ್ದ ಎಲೆಗಳನ್ನೇ ಮೇಲೆ ಜೋಡಿಸಿದರೆ ನಾವೂ ಅದೇ ಆಟ ಆಡಿದ ಹಾಗೆ. ತಿಂಗಳಿಗೆ ಒಂದು ಪುಟ, "ಹಾಕಿ ನೋಡಿದೆ, ಆಗಲಿಲ್ಲ" ಅಂತ ಬರೆಯುವವರಿಗೆ ಇಡಿ. ಮಣ್ಣು, ಮಳೆ, ಖರ್ಚು, ತೂಕ ನಾಲ್ಕು ಸಾಲಿನಲ್ಲಿ ಸಾಕು. ಮೊದಲನೆಯದು ನನ್ನ 97 ಮತ್ತು 96 ಕಿಲೋದ ಲೆಕ್ಕ, ಇಲ್ಲೇ ಬರೆದಿದ್ದೇನೆ.

ಅಳಿಯ ಈಗ ನನ್ನ ಜೊತೆ ಮಾತಾಡ್ತಾನೆ. ಹೋದ ಬೇಸಿಗೆಯಲ್ಲಿ ಇಬ್ಬರೂ ಸೇರಿ ಅವನ ಎರಡು ಎಕರೆಗೆ ಗೋಡು ಹೊಡೆಸಿದೆವು. ಟ್ರ್ಯಾಕ್ಟರ್ ಬಾಡಿಗೆಯಲ್ಲಿ ಅರ್ಧ ನಾನು ಕೊಟ್ಟೆ. ಬೇಡ ಅಂದ, ಬಲವಂತವಾಗಿ ಜೇಬಿಗೆ ತುರುಕಿದೆ. ಗೋಡು ಹೊಡೆಸುವಾಗಲೂ ಆರು ಸಾಲಿನಷ್ಟು ಜಾಗ ಹಾಗೇ ಬಿಟ್ಟಿದ್ದಾನೆ. "ಯಾಕೋ?" ಅಂದರೆ, "ನಿನ್ನ ಮಾತನ್ನೂ ತೂಗಿ ನೋಡಬೇಕಲ್ಲ ಮಾವ" ಅಂದ.

ನಿಮ್ಮ ಕಡೆ ಯಾವ ಗೋಡೆ ಏನು ಹೇಳ್ತಿದೆ? ನೀವು ಬಿಟ್ಟ ಸಾಲು ಏನು ಹೇಳಿತು? ಬರೆಯಿರಿ.